ಹಗಲಿನ ಅಳತೆ ಮತ್ತು ಭೂಮಿಯ ಆಕಾರ

ಭೂಮಿಯು ತಟ್ಟೆಯಂತೆ ಚಪ್ಪಟೆಯಾಗಿದೆ, ಅದನ್ನು ಗೋಳವೆಂದು ನಂಬುವುದು ಕುರ್‌ಆನಿಗೆ ವಿರುದ್ಧ ಎಂದು ಸಾರುವ ವೀಡಿಯೊಗಳು ನಮ್ಮ ಯುವಕರ ಮೊಬೈಲ್‌ಗಳಲ್ಲಿ ಹರಿದಾಡುತ್ತಿವೆ. ಇದನ್ನು ನಕ್ಕು ಬದಿಗೆ ಸರಿಸುವಂತಿಲ್ಲ. ಶಾಲೆಯಲ್ಲಿ ಭೂಗೋಳ ಕಲಿತು ಮದ್ರಸಕ್ಕೆ ಬರುವ ಮಗುವಿಗೆ ಇವೆರಡರಲ್ಲಿ ಒಂದನ್ನು ಮಾತ್ರ ನಂಬು ಎಂದರೆ, ಆ ಮಗು ಮುಂದೊಂದು ದಿನ ಧರ್ಮವನ್ನೇ ಸಂಶಯಿಸೀತು. ಆದ್ದರಿಂದ ಈ ವಾದವನ್ನು ನಮ್ಮ ಊರಿನ ಹಗಲು ರಾತ್ರಿಗಳ ಮುಂದಿಟ್ಟೇ ಪರೀಕ್ಷಿಸೋಣ.

ಇದಕ್ಕೆ ದೂರದರ್ಶಕ ಬೇಕಿಲ್ಲ. ಮಸೀದಿಯ ಗೋಡೆಯ ಮೇಲಿರುವ ನಮಾಝಿನ ವೇಳಾಪಟ್ಟಿ ಸಾಕು. ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ ಸಮಭಾಜಕ ವೃತ್ತದಿಂದ ಸುಮಾರು 16 ಡಿಗ್ರಿ ಉತ್ತರಕ್ಕಿವೆ. ಇಲ್ಲಿ ಜೂನ್ 21ರ ಸುಮಾರಿಗೆ ಹಗಲು 13 ಗಂಟೆಗಿಂತ ತುಸು ಹೆಚ್ಚು. ಡಿಸೆಂಬರ್ 21ರ ಸುಮಾರಿಗೆ 11 ಗಂಟೆ 10 ನಿಮಿಷದಷ್ಟು. ನೆರಳೂ ಹಾಗೆಯೇ. ಅಂಗಳದಲ್ಲಿ ನೆಟ್ಟ ಕೋಲಿನ ಮಧ್ಯಾಹ್ನದ ನೆರಳು ಸುಮಾರು ಮೇ ಮೊದಲ ವಾರದಿಂದ ಆಗಸ್ಟ್ ಎರಡನೇ ವಾರದವರೆಗೆ ದಕ್ಷಿಣಕ್ಕೂ ಉಳಿದ ಕಾಲದಲ್ಲಿ ಉತ್ತರಕ್ಕೂ ಬೀಳುತ್ತದೆ. ಈ ಎರಡು ಸಂಧಿಕಾಲಗಳಲ್ಲಿ ಸೂರ್ಯನು ನೆತ್ತಿಗೆ ಬಂದು, ಕೋಲಿನ ನೆರಳು ಅದರ ಬುಡದಲ್ಲೇ ಅಡಗುತ್ತದೆ.

ಈಗ ಉತ್ತರಕ್ಕೆ ಸಾಗೋಣ. ನಮ್ಮವರು ದುಡಿಯಲು ಹೋಗುವ ಕುವೈತಿನಲ್ಲಿ ಜೂನ್ ತಿಂಗಳ ಹಗಲು 14 ಗಂಟೆ. ಲಂಡನ್ನಿನಲ್ಲಿ ಹದಿನಾರೂವರೆ ಗಂಟೆ. ನಾರ್ವೆಯ ಟ್ರೋಮ್ಸೋ ನಗರದಲ್ಲಿ ಸೂರ್ಯನು ಮುಳುಗುವುದೇ ಇಲ್ಲ. ಆದರೆ ಅದೇ ಜೂನ್‌ನಲ್ಲಿ ದಕ್ಷಿಣದ ಮೆಲ್ಬರ್ನ್ ನಗರದಲ್ಲಿ ಹಗಲು ಒಂಬತ್ತೂವರೆ ಗಂಟೆ ಮಾತ್ರ. ಡಿಸೆಂಬರ್‌ನಲ್ಲಿ ಎಲ್ಲವೂ ತಿರುವುಮುರುವಾಗುತ್ತದೆ. ಟ್ರೋಮ್ಸೋದಲ್ಲಿ ಸೂರ್ಯನ ದರ್ಶನವಿಲ್ಲ; ಅಂಟಾರ್ಕ್ಟಿಕದಲ್ಲಿರುವ ಭಾರತದ ಸಂಶೋಧನಾ ಕೇಂದ್ರ 'ಮೈತ್ರಿ'ಯಲ್ಲಿ ಸೂರ್ಯಾಸ್ತವಿಲ್ಲ.

ಸೂರ್ಯನು ತಟ್ಟೆಯ ಮೇಲೆ ದೀಪದಂತೆ ಸುತ್ತುತ್ತಾನೆ, ಡಿಸೆಂಬರ್‌ನಲ್ಲಿ ಅವನ ವೃತ್ತ ಹಿಗ್ಗುತ್ತದೆ ಎಂಬುದು ಚಪ್ಪಟೆವಾದಿಗಳ ಉತ್ತರ. ಅವರ ನಕ್ಷೆಯಲ್ಲಿ ಉತ್ತರ ಧ್ರುವ ನಡುವಿನಲ್ಲಿದ್ದು, ಅಂಟಾರ್ಕ್ಟಿಕವು ತಟ್ಟೆಯ ಅಂಚು. ಹಾಗಿದ್ದರೆ ಅಂಚಿನ ಒಂದು ಬದಿಯಲ್ಲಿರುವ ಮೈತ್ರಿಗೆ, ಎದುರು ಬದಿಯ ಮೇಲೆ ಚಲಿಸುವ ಸೂರ್ಯನೂ ಕಾಣಬೇಕು. ಬೆಳಕು ಇಡೀ ತಟ್ಟೆಯನ್ನು ದಾಟಿ ಅಷ್ಟು ದೂರ ಹರಿಯುವುದಾದರೆ, ನಡುವೆ ಇರುವ ಸಿಂಧನೂರಿಗೆ ಡಿಸೆಂಬರ್‌ನಲ್ಲಿ ರಾತ್ರಿ ಹೇಗಾದೀತು? ಟ್ರೋಮ್ಸೋ ಕತ್ತಲಲ್ಲಿ ಮುಳುಗುವುದೆಂತು? ಈ ಪ್ರಶ್ನೆಗೆ ಅವರಲ್ಲಿ ಉತ್ತರವಿಲ್ಲ. ಸುಮಾರು ಇಪ್ಪತ್ತಮೂರೂವರೆ ಡಿಗ್ರಿ ಓರೆಯಾಗಿ ನಿಂತು ತಿರುಗುವ ಗೋಳವೆಂದು ಒಪ್ಪಿದರೆ ಮಾತ್ರ, ಮಸ್ಕಿಯಿಂದ ಮೈತ್ರಿಯವರೆಗಿನ ಹಗಲುಗಳೆಲ್ಲವೂ ಒಂದೇ ಲೆಕ್ಕಕ್ಕೆ ಸಿಗುತ್ತವೆ.

ಇನ್ನು ಕುರ್‌ಆನಿನ ಮಾತು. ಭೂಮಿಯನ್ನು ಹರಡಲಾಗಿದೆ ಎಂಬ ಆಶಯದ ಅಲ್‌ಗಾಶಿಯ ಅಧ್ಯಾಯದ ಸೂಕ್ತವನ್ನು ಆ ವೀಡಿಯೊಗಳು ಮುಂದಿಡುತ್ತವೆ. ಹಿಂದಿನ ಕೆಲವು ವ್ಯಾಖ್ಯಾನಕಾರರು ಅದರಿಂದ ಚಪ್ಪಟೆ ಎಂಬ ಅರ್ಥವನ್ನು ಪಡೆದದ್ದೂ ಉಂಟು. ಆದರೆ ಗೋಳವು ಬಹು ದೊಡ್ಡದಾದರೆ ಅದರ ಒಂದೊಂದು ಭಾಗವೂ ಸಮತಟ್ಟಾಗಿಯೇ ಕಾಣುವುದೆಂದು ಇಮಾಮ್ ಫಖ್ರುದ್ದೀನ್ ರಾಝಿ ಶತಮಾನಗಳ ಹಿಂದೆಯೇ ವಿವರಿಸಿರುವರು. ತುಂಗಭದ್ರಾ ಎಡದಂಡೆ ಕಾಲುವೆಯ ಮೇಲೆ ನಿಂತು, ದಿಗಂತದವರೆಗೆ ಹರಡಿದ ಸಿಂಧನೂರಿನ ಭತ್ತದ ಗದ್ದೆಗಳನ್ನು ನೋಡಿದವರಿಗೆ ಈ ಮಾತು ಸುಲಭವಾಗಿ ಅರ್ಥವಾಗುತ್ತದೆ. ಅಂದಲೂಸಿನ ಇಬ್ನ್ ಹಝ್ಮ್ ಅವರೂ ಭೂಮಿ ಗೋಳವೆಂದೇ ವಾದಿಸಿದರು. ರಾತ್ರಿಯನ್ನು ಹಗಲಿನ ಮೇಲೆ ಸುತ್ತಲಾಗುವುದೆಂಬ ಅಝ್ಝುಮರ್ ಅಧ್ಯಾಯದ ಸೂಕ್ತವನ್ನು ಅದಕ್ಕೆ ಆಧಾರವಾಗಿ ಕೊಟ್ಟರು. ಹನ್ನೊಂದನೇ ಶತಮಾನದ ಆರಂಭದಲ್ಲಿ ಅಲ್‌ಬಿರೂನಿಯವರು ಪಂಜಾಬಿನ ನಂದನ ಕೋಟೆಯ ಬಳಿ ಬೆಟ್ಟದ ಎತ್ತರವನ್ನೂ ದಿಗಂತದ ಬಾಗುವಿಕೆಯನ್ನೂ ಅಳೆದು ಭೂಮಿಯ ತ್ರಿಜ್ಯವನ್ನೇ ಲೆಕ್ಕ ಹಾಕಿದರು. ಇವರಾರೂ ಗೋಳವೆಂದು ಒಪ್ಪಿದ್ದರಿಂದ ಈಮಾನ್ ಕಳೆದುಕೊಂಡವರಲ್ಲ.

ಹಾಗೆಂದು ಕುರ್‌ಆನನ್ನು ಖಗೋಳದ ಪಠ್ಯಪುಸ್ತಕ ಮಾಡಬೇಕೆಂದು ನಾವು ಹೇಳುತ್ತಿಲ್ಲ. ಅದು ಮನುಷ್ಯನಿಗೆ ಸನ್ಮಾರ್ಗ ತೋರುವ ಗ್ರಂಥ; ಹಗಲು ರಾತ್ರಿಗಳ ಬದಲಾವಣೆಯಲ್ಲಿ ಚಿಂತಿಸುವವರಿಗೆ ದೃಷ್ಟಾಂತಗಳಿವೆ ಎಂದು ಅದು ಮತ್ತೆ ಮತ್ತೆ ನೆನಪಿಸುತ್ತದೆ. ಚಿಂತಿಸಿರಿ ಎಂದ ಗ್ರಂಥದ ಹೆಸರಿನಲ್ಲಿ ನೋಡಬೇಡಿರಿ ಎನ್ನುವುದು ನ್ಯಾಯವೇ? ಗ್ರಹಣದ ಲೆಕ್ಕವನ್ನು ಧರ್ಮದ ಹೆಸರಿನಲ್ಲಿ ನಿರಾಕರಿಸುವವನು ಧರ್ಮಕ್ಕೆ ನೆರವಾಗುವುದಿಲ್ಲ, ಅದನ್ನು ದುರ್ಬಲಗೊಳಿಸುತ್ತಾನೆ ಎಂಬ ಇಮಾಮ್ ಗಝ್ಝಾಲಿಯವರ ಎಚ್ಚರಿಕೆ ಇಲ್ಲಿಗೂ ಸಲ್ಲುತ್ತದೆ.

ಆದುದರಿಂದ ಹಿರಿಯರಲ್ಲಿ ನಮ್ಮ ವಿನಂತಿ ಇಷ್ಟೇ: ಅಂತಹ ವೀಡಿಯೊ ಬಂದಾಗ ಮುಂದಕ್ಕೆ ಕಳುಹಿಸದಿರಿ, ಮಕ್ಕಳನ್ನು ಗದರಿಸಲೂ ಬೇಡಿರಿ. ಅಂಗಳದಲ್ಲಿ ಒಂದು ಕೋಲು ನೆಟ್ಟು, ಪ್ರತಿ ಶುಕ್ರವಾರ ಮಧ್ಯಾಹ್ನದ ನೆರಳನ್ನು ಅವರಿಂದಲೇ ಗುರುತು ಹಾಕಿಸಿರಿ. ಒಂದು ವರ್ಷದಲ್ಲಿ ಆ ಗುರುತುಗಳೇ ಅವರೊಡನೆ ಮಾತನಾಡುವುವು. ತನ್ನ ಸೃಷ್ಟಿಯನ್ನು ಕಣ್ತೆರೆದು ನೋಡುವ, ಸತ್ಯಕ್ಕೆ ಅಂಜದ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಅನುಗ್ರಹಿಸಲಿ. ಆಮೀನ್.