ಶಿಶುತರಗತಿಯ ಈದ್ ಪಾರ್ಟಿ: ಬಡವನ ಮಗು ಎಲ್ಲಿ ಕೂರಬೇಕು?

ರಮಝಾನಿನ ಕೊನೆಯ ಹತ್ತು ದಿನಗಳು ಸಮೀಪಿಸಿದಂತೆ, ನಮ್ಮ ಸಮುದಾಯವೇ ನಡೆಸುವ ಅನೇಕ ಆಂಗ್ಲ ಮಾಧ್ಯಮ ಶಾಲೆಗಳ ಎಲ್‌ಕೆಜಿ, ಯುಕೆಜಿ ತರಗತಿಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಸಂದೇಶ ಹರಿದಾಡತೊಡಗುತ್ತದೆ. ಮಗುವೊಂದಕ್ಕೆ 300 ಅಥವಾ 500 ರೂಪಾಯಿ ವಂತಿಗೆ, ಹೆಣ್ಣುಮಕ್ಕಳಿಗೆ ಇಂಥದೇ ಬಣ್ಣದ ಗೌನು, ಗಂಡುಮಕ್ಕಳಿಗೆ ಬಿಳಿ ಜುಬ್ಬಾ, ಮೂರು ಅಂತಸ್ತಿನ ಕೇಕು, ಬಲೂನಿನ ಕಮಾನು, ಫೋಟೊ ತೆಗೆಯಲು ಬಾಲಚಂದ್ರನ ಪರದೆ, ಕೊನೆಗೆ ಪ್ರತಿ ಮಗುವೂ ಉಳಿದೆಲ್ಲರಿಗೆ ತಂದು ಹಂಚಬೇಕಾದ ಉಡುಗೊರೆ. ಇದಕ್ಕೆ ಈದ್ ಪಾರ್ಟಿ ಎಂದು ಹೆಸರು. ಈ ಪದ್ಧತಿ ನಿಲ್ಲಬೇಕು ಎಂಬುದು ನನ್ನ ವಾದ. ಮಕ್ಕಳ ಸಂಭ್ರಮ ಮಾತ್ರ ನಿಲ್ಲಬಾರದು.

ಮೊದಲು, ಮಕ್ಕಳಿಗೆ ಇದೆಲ್ಲ ಏಕೆ, ನಾಲ್ಕು ದುಆ ಕಲಿಸಿದರೆ ಸಾಲದೇ ಎನ್ನುವ ಹಿರಿಯರಿಗೆ ಒಂದು ಮಾತು. ಈದ್‌ನ ದಿನ ಅಬಿಸೀನಿಯದವರು ಮಸೀದಿಯಲ್ಲಿ ಭರ್ಚಿಗಳ ಆಟವಾಡಿದಾಗ, ಪ್ರವಾದಿವರ್ಯರು(ಸ) ಹಝ್ರತ್ ಆಯಿಶಾ(ರ)ರಿಗೆ ಮರೆಯಾಗಿ ನಿಂತು, ಅವರಿಗೆ ಸಾಕೆನಿಸುವವರೆಗೂ ಅದನ್ನು ನೋಡಲು ಬಿಟ್ಟರು. ಮನೆಯಲ್ಲಿ ಇಬ್ಬರು ಹುಡುಗಿಯರು ಹಾಡುತ್ತಿದ್ದುದನ್ನು ಹಝ್ರತ್ ಅಬೂಬಕರ್(ರ)ರು ಗದರಿದಾಗ, ಪ್ರತಿ ಜನಾಂಗಕ್ಕೂ ಹಬ್ಬವೊಂದಿರುತ್ತದೆ, ಇದು ನಮ್ಮ ಹಬ್ಬವೆಂದು ಹೇಳಿ ಅವರನ್ನು ತಡೆದರು. ಈ ಎರಡೂ ಪ್ರಸಂಗಗಳು ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿವೆ. ಮಕ್ಕಳ ನಗುವನ್ನು ಧರ್ಮದ ಹೆಸರಿನಲ್ಲಿ ಅಡಗಿಸಲು ಯಾರಿಗೂ ಅಧಿಕಾರವಿಲ್ಲ. ಆದುದರಿಂದ ಚರ್ಚೆಯಿರುವುದು ಹಬ್ಬವನ್ನು ಯಾವಾಗ, ಯಾರ ಖರ್ಚಿನಲ್ಲಿ, ಯಾವ ಮಗುವನ್ನು ಕಣ್ಣಮುಂದಿಟ್ಟುಕೊಂಡು ಆಚರಿಸಬೇಕು ಎಂಬುದರ ಬಗ್ಗೆ.

ಸಮಯದ ಮಾತು ಮೊದಲು. ಶವ್ವಾಲ್ ಚಂದ್ರದರ್ಶನವಾದ ಮೇಲೆ ತಕ್ಬೀರ್ ಮೊಳಗುತ್ತದೆ, ಆಗ ಈದ್. ನಮ್ಮ ಶಾಲೆಗಳ ಪಾರ್ಟಿಯಾದರೋ ರಜೆಗೆ ಮುನ್ನ, ಅಂದರೆ ರಮಝಾನಿನ ಹಗಲಿನಲ್ಲಿಯೇ ನಡೆದುಹೋಗುತ್ತದೆ. ಉಪವಾಸವಿರುವ ಶಿಕ್ಷಕಿ ಕೇಕು ಕತ್ತರಿಸುತ್ತಾಳೆ. ಪಕ್ಕದ ಕೋಣೆಯಲ್ಲಿ ಜೀವನದ ಮೊದಲ ಉಪವಾಸ ಹಿಡಿದ ನಾಲ್ಕನೇ ತರಗತಿಯ ಬಾಲಕ ಅದರ ಪರಿಮಳವನ್ನು ಸಹಿಸಿ ಕೂರಬೇಕು. ಕಾಯುವುದನ್ನು ಕಲಿಸುವ ತಿಂಗಳಿನಲ್ಲಿ ನಾವು ಪುಟಾಣಿಗಳಿಗೆ ಕಾಯದಿರುವುದನ್ನು ಕಲಿಸುತ್ತಿದ್ದೇವೆ. ಅನಂತರ ದಿನ ಸಿಗುವುದಿಲ್ಲವೆಂಬ ಸಬೂಬು ನಿಲ್ಲದು. 2025ರಲ್ಲಿ ಈದುಲ್ ಫಿತ್ರ್ ಮಾರ್ಚ್ 31ರಂದು ಬಂತು. ರಾಜ್ಯದ ಶಾಲಾ ವರ್ಷ ಏಪ್ರಿಲ್ 10ರವರೆಗೆ ಇತ್ತು. ಚಾಂದ್ರಮಾನ ವರ್ಷ ಸೌರವರ್ಷಕ್ಕಿಂತ ಸುಮಾರು ಹನ್ನೊಂದು ದಿನ ಚಿಕ್ಕದಾದುದರಿಂದ, ಮುಂಬರುವ ವರ್ಷಗಳಲ್ಲಿ ಹಬ್ಬ ಫೆಬ್ರವರಿಗೆ ಸರಿಯುತ್ತದೆ. ಆಗ ಈದ್ ಕಳೆದು ಶಾಲೆಗೆ ಮರಳಿದ ವಾರದಲ್ಲಿ ಒಂದು ಗಂಟೆ ಹೊಂದಿಸುವುದು ಯಾವ ಆಡಳಿತ ಮಂಡಳಿಗೂ ಕಷ್ಟವಲ್ಲ.

ಇನ್ನು ಹಣದ ಮಾತು. ಈದುಲ್ ಫಿತ್ರ್‌ನ ಜೊತೆಗೇ ಬೆಸೆದುಕೊಂಡಿರುವ ಕಡ್ಡಾಯ ದಾನ ಫಿತ್ರ್ ಝಕಾತ್. ತಲೆಯೊಂದಕ್ಕೆ ಒಂದು ಸಾಅ್, ನಮ್ಮ ಕರಾವಳಿಯ ಲೆಕ್ಕದಲ್ಲಿ ಸುಮಾರು ಎರಡೂವರೆಯಿಂದ ಮೂರು ಕಿಲೋ ಅಕ್ಕಿ. ಹಾಲುಗೂಸಿನ ಹೆಸರಿನಲ್ಲೂ ತಂದೆ ಅದನ್ನು ಕೊಡಬೇಕು, ಈದ್ ನಮಾಝಿಗೆ ಮುನ್ನವೇ ಕೊಟ್ಟು ಮುಗಿಸಬೇಕು. ಅದು ಉಪವಾಸಿಗನ ಲೋಪಗಳಿಗೆ ಶುದ್ಧೀಕರಣ, ಬಡವನಿಗೆ ಆಹಾರ ಎಂಬುದು ಇಬ್ನು ಅಬ್ಬಾಸ್(ರ)ರ ವರದಿಯ ಸಾರ. ಇದರಲ್ಲಿ ಎರಡು ಪಾಠಗಳಿವೆ. ಒಂದು, ಕೋಟ್ಯಧೀಶನ ಮಗುವಿಗೂ ಗುಮಾಸ್ತನ ಮಗುವಿಗೂ ಅಳತೆ ಒಂದೇ. ಎರಡು, ಉಳ್ಳವನು ಹೊಸಬಟ್ಟೆ ತೊಟ್ಟು ಈದ್‌ಗಾಹ್‌ಗೆ ಹೋಗುವ ಮೊದಲು ಇಲ್ಲದವನ ಒಲೆ ಉರಿಯಬೇಕು. ಹಬ್ಬದ ದಿನ ಯಾರೂ ಯಾರ ಮುಂದೆಯೂ ಕೈಚಾಚುವಂತಾಗಬಾರದು. ನಮ್ಮ ಪಾರ್ಟಿಯ ಸಂದೇಶವನ್ನು ಈ ಅಳತೆಗೋಲಿನ ಪಕ್ಕದಲ್ಲಿಟ್ಟು ನೋಡಿರಿ.

ಐನೂರು ರೂಪಾಯಿ ಈಗ ಯಾವ ದೊಡ್ಡ ಮೊತ್ತ ಎಂದು ಕೇಳುವವರಿದ್ದಾರೆ. ಕರಾವಳಿಯಲ್ಲಿ ಬೀಡಿ ಕಟ್ಟುವ ತಾಯಿ ಸಾವಿರ ಬೀಡಿ ಕಟ್ಟಿದರೂ ಅಷ್ಟು ಹಣ ಆಕೆಯ ಕೈಗೆ ಬಾರದು. ಮನೆಯಲ್ಲಿ ಇಬ್ಬರು ಮಕ್ಕಳಿದ್ದರೆ ವಂತಿಗೆ ಎರಡು ಪಟ್ಟು. ಗೌನು, ಜುಬ್ಬಾ, ಉಡುಗೊರೆಗಳ ಲೆಕ್ಕ ಬೇರೆ. ಕಷ್ಟವಿದ್ದವರು ಗುಟ್ಟಾಗಿ ತಿಳಿಸಿದರೆ ವಿನಾಯಿತಿ ಕೊಡುತ್ತೇವೆ ಎಂದು ಇನ್ನು ಕೆಲವರು ಉದಾರತೆ ತೋರುತ್ತಾರೆ. ಗುಟ್ಟಾಗಿ ತಿಳಿಸುವುದೆಂದರೆ ಕೈಚಾಚುವುದೇ ಅಲ್ಲವೇ? ಸ್ವಾಭಿಮಾನಿಯಾದ ತಾಯಿ ತಿಳಿಸುವುದಿಲ್ಲ. ಸಾಲ ಮಾಡುತ್ತಾಳೆ, ಇಲ್ಲವೇ ಆ ದಿನ ಮಗುವಿಗೆ ಜ್ವರವೆಂದು ಮನೆಯಲ್ಲೇ ಉಳಿಸಿಕೊಳ್ಳುತ್ತಾಳೆ. ಮರುದಿನ ಗೆಳೆಯರ ಕೈಯಲ್ಲಿ ಉಡುಗೊರೆಯ ಪೆನ್ಸಿಲ್ ಡಬ್ಬಿ ಕಂಡ ಆ ಮಗುವಿಗೆ ನಾವು ಯಾವ ಇಸ್ಲಾಮನ್ನು ಬೋಧಿಸಿದಂತಾಯಿತು? ಧನಿಕರನ್ನು ಕರೆದು ಬಡವರನ್ನು ಕೈಬಿಟ್ಟ ಮದುವೆಯೂಟವನ್ನು ಅತ್ಯಂತ ಕೆಟ್ಟ ಊಟವೆಂದು ಹದೀಸ್ ಎಣಿಸಿದೆ. ಬಡ ಮಗು ತಾನಾಗಿ ಹೊರಗುಳಿಯುವಂತೆ ಏರ್ಪಡಿಸಿದ ಔತಣಕ್ಕೂ ಆ ಮಾತು ತಗಲುತ್ತದೆ.

ಇತರ ಶಾಲೆಗಳಲ್ಲಿ ಎಲ್ಲ ಹಬ್ಬಗಳ ಪಾರ್ಟಿ ನಡೆಯುತ್ತದೆ, ನಮ್ಮ ಮಕ್ಕಳಿಗೆ ಕೀಳರಿಮೆ ಬರಬಾರದು ಎಂಬುದು ಮೂರನೆಯ ವಾದ. ಈ ಆತಂಕ ನಿಜವಾದುದು. ಆದರೆ ಕೀಳರಿಮೆಗೆ ಪೈಪೋಟಿ ಮದ್ದಲ್ಲ. ಪೈಪೋಟಿಗೆ ಬಿದ್ದವನು ಪ್ರತಿವರ್ಷ ಒಂದಂತಸ್ತು ಹೆಚ್ಚಿನ ಕೇಕನ್ನು ತರಬೇಕಾಗುತ್ತದೆ. ಸೂರಃ ಅಲ್ ಅಅ್‌ರಾಫ್‌ನ 31ನೇ ಸೂಕ್ತ ಅಲಂಕರಿಸಿಕೊಳ್ಳಲು, ತಿನ್ನಲು, ಕುಡಿಯಲು ಆದೇಶಿಸಿ, ಅದೇ ಉಸಿರಿನಲ್ಲಿ ಮಿತಿಮೀರಬೇಡಿರೆಂದು ಎಚ್ಚರಿಸುತ್ತದೆ. ಮೊದಲರ್ಧವನ್ನು ಮಾತ್ರ ಓದುವುದು ನಮ್ಮ ದೊಡ್ಡಸ್ತಿಕೆಗೆ ಅನುಕೂಲವಾಗಿದೆ.

ಹಾಗಾದರೆ ಪುಟಾಣಿಗಳ ಹಬ್ಬ ಹೇಗಿರಬೇಕು? ವಂತಿಗೆ ಬೇಡ, ಖರ್ಚು ಶಾಲೆಯದ್ದಾಗಲಿ. ಕೊಡಬಯಸುವ ಪೋಷಕರು ಹೆಸರು ಬರೆಯದೆ ಕಚೇರಿಯ ಡಬ್ಬಿಗೆ ಹಾಕಲಿ. ಬಟ್ಟೆ ಸಮವಸ್ತ್ರವೇ ಇರಲಿ. ಹೊಸದು, ಹಳೆಯದು ಎಂಬ ಹೋಲಿಕೆ ಅಲ್ಲಿಗೆ ಮುಗಿಯುತ್ತದೆ. ತಿನ್ನಲು ಬೀಜ ತೆಗೆದು ಬಿಡಿಸಿದ ಖರ್ಜೂರ, ಬಾಳೆಹಣ್ಣು, ಒಂದು ಲೋಟ ಶಾವಿಗೆ ಪಾಯಸ ಸಾಕು. ಐದು ವರ್ಷದೊಳಗಿನವರಿಗೆ ಇಡಿಯ ಗೋಡಂಬಿ, ನೆಲಗಡಲೆ, ಇಡಿಯ ದ್ರಾಕ್ಷಿ ಗಂಟಲಲ್ಲಿ ಸಿಲುಕುವ ಅಪಾಯವಿದೆ. ಒಡೆದ ಬಲೂನಿನ ಚೂರೂ ಅಷ್ಟೇ ಅಪಾಯಕಾರಿ. ಹಾಲು, ನೆಲಗಡಲೆ ಒಗ್ಗದ ಮಕ್ಕಳು ಯಾರೆಂದು ಮೊದಲೇ ವಿಚಾರಿಸಿರಿ. ಬಣ್ಣಬಣ್ಣದ ತಿನಿಸುಗಳಿಂದ ದೂರವಿರಿ: ಬಾಂಬೆ ಮಿಠಾಯಿಗೆ ಬೆರೆಸುತ್ತಿದ್ದ ಕೃತಕ ಬಣ್ಣಗಳನ್ನು ರಾಜ್ಯ ಸರಕಾರ 2024ರ ಮಾರ್ಚ್‌ನಲ್ಲಿ ನಿಷೇಧಿಸಬೇಕಾಗಿ ಬಂದುದು ನೆನಪಿರಲಿ.

ಮಕ್ಕಳು ಒಟ್ಟಾಗಿ ತಕ್ಬೀರ್ ಹೇಳಲಿ, ಓಡಲಿ, ಕುಣಿಯಲಿ. ಪ್ರತಿ ಮಗುವೂ ಮನೆಯಿಂದ ಒಂದು ಹಿಡಿ ಅಕ್ಕಿ ತಂದು ಒಂದೇ ಪಾತ್ರೆಗೆ ಸುರಿಯಲಿ. ಸುರಿದ ಮೇಲೆ ಯಾವುದು ಯಾರದೆಂದು ತಿಳಿಯದು, ಅದು ಸದಕಾದ ಮೊದಲ ಪಾಠ. ಪರಸ್ಪರ ಉಡುಗೊರೆಯ ಬದಲು ಆಯಾ, ವ್ಯಾನಿನ ಚಾಲಕ, ಕಾವಲುಗಾರರಿಗೆ ಮಕ್ಕಳು ತಾವೇ ಬಿಡಿಸಿದ ಚಿತ್ರವನ್ನು ಕೊಡಲಿ. ತರಗತಿಯಲ್ಲಿ ಅನ್ಯಧರ್ಮೀಯ ಮಕ್ಕಳಿದ್ದರೆ ಅವರು ನಮ್ಮ ಅತಿಥಿಗಳು. ಅವರ ಮನೆಯ ಆಹಾರಕ್ರಮವನ್ನು ಕೇಳಿ ತಿಳಿದು ಬಡಿಸಬೇಕು, ಪ್ರಾರ್ಥನೆಗೆ ಒತ್ತಾಯಿಸಬಾರದು. ಮೊಬೈಲುಗಳು ಹೊರಗಿರಲಿ. ಸ್ಟೇಟಸ್‌ಗಾಗಿ ನಗಿಸಲ್ಪಟ್ಟ ಮಗು ಹಬ್ಬವನ್ನು ಅನುಭವಿಸಿರುವುದಿಲ್ಲ.

ಆಡಳಿತ ಮಂಡಳಿಯ ಮಹನೀಯರೇ, ಅಲ್ಪ ಸಂಬಳದ ಶಿಶುತರಗತಿಯ ಶಿಕ್ಷಕಿ ತನ್ನ ಕೈಯಿಂದ ಅಲಂಕಾರದ ಕಾಗದ ಕೊಂಡು ತರುವುದನ್ನು ಕಂಡೂ ಕಾಣದಂತಿರಬೇಡಿರಿ. ಮಾತಾಪಿತರೇ, ಮುಂದಿನ ಸಲ ಆ ಸಂದೇಶ ಬಂದಾಗ ಹೆಬ್ಬೆರಳಿನ ಚಿಹ್ನೆ ಒತ್ತುವ ಮುನ್ನ, ಮೌನವಾಗಿರುವ ಪೋಷಕರ ನೆನಪು ಮಾಡಿಕೊಳ್ಳಿರಿ. ಐನೂರು ಕೊಡಬಲ್ಲವರು ಬೇಡವೆಂದರೆ ಅದು ಅಭಿಪ್ರಾಯವೆನಿಸುತ್ತದೆ. ಕೊಡಲಾರದವರು ಬೇಡವೆಂದರೆ ಅದು ಬಡತನವೆನಿಸುತ್ತದೆ. ಆದುದರಿಂದ ಮಾತನಾಡಬೇಕಾದ ಹೊಣೆ ಉಳ್ಳವರದು.

ನಮ್ಮ ಮಕ್ಕಳ ಹಬ್ಬ ಯಾವ ಮಗುವಿನ ಕಣ್ಣಲ್ಲೂ ನೀರು ತರಿಸದಿರುವಂತೆ ನಡೆಸುವ ವಿವೇಕವನ್ನು ಅಲ್ಲಾಹನು ನಮಗೆಲ್ಲರಿಗೂ ದಯಪಾಲಿಸಲಿ. ಆಮೀನ್.