ಊರಿನ ಅಂಗಡಿಯಂಥ ಒಂದು ಸರ್ವರ್

ಹಬ್ಬಕ್ಕೆ ಎರಡು ದಿನ ಮೊದಲೇ ಪುಣೆಯಿಂದ ಊರಿಗೆ ಹೋಗಿದ್ದೆ. ನಾನು ಓದಿದ ಕಾಲೇಜಿನ ಲ್ಯಾಬ್‌ಗೂ ಹೋಗಿ ಬಂದೆ. ಅಲ್ಲಿ 40 ಉಬುಂಟು ಕಂಪ್ಯೂಟರ್‌ಗಳಿವೆ. ಕಂಪೈಲರ್ ಇನ್‌ಸ್ಟಾಲ್ ಮಾಡಲು ಸರ್ ಹೇಳಿದರು, ಮಕ್ಕಳೆಲ್ಲ ಒಟ್ಟಿಗೆ ಶುರು ಮಾಡಿದರು. ಲ್ಯಾಬ್ ಅವಧಿ ಮುಗಿದರೂ ಅರ್ಧಕ್ಕರ್ಧ ಪರದೆಗಳಲ್ಲಿ ಡೌನ್‌ಲೋಡ್ ತೆವಳುತ್ತಲೇ ಇತ್ತು. ‘ನಮ್ಮ ನೆಟ್ಟೇ ಹಿಂಗೆ ಕಣಪ್ಪ, ಏನು ಮಾಡೋದು?’ ಎಂದರು ಸರ್.

ತಪ್ಪು ನೆಟ್‌ನದಷ್ಟೇ ಅಲ್ಲ. 100 ಎಂಬಿಯ ಒಂದೇ ಪ್ಯಾಕೇಜನ್ನು 40 ಕಂಪ್ಯೂಟರ್‌ಗಳು ಬೇರೆಬೇರೆಯಾಗಿ ತರಿಸಿದರೆ 4,000 ಎಂಬಿ ಆಗುತ್ತದೆ. ಉಪ್ಪು ಬೇಕೆಂದಾಗಲೆಲ್ಲ ಪ್ರತಿ ಮನೆಯವರೂ ಪೇಟೆಗೆ ಹೋಗುವುದಿಲ್ಲವಲ್ಲ? ಊರಿನ ಅಂಗಡಿಯವನು ಒಂದು ಮೂಟೆ ತಂದಿಟ್ಟಿರುತ್ತಾನೆ. ಕ್ಯಾಷಿಂಗ್ ಪ್ರಾಕ್ಸಿ ಮಾಡುವುದೂ ಇಷ್ಟೇ. ಮೊದಲು ಕೇಳಿದವನಿಗಾಗಿ ಹೊರಗಿನಿಂದ ತರುತ್ತದೆ, ಒಂದು ಪ್ರತಿ ಇಟ್ಟುಕೊಂಡು ಉಳಿದವರಿಗೆ ಅಲ್ಲಿಂದಲೇ ಕೊಡುತ್ತದೆ.

ಮೂಲೆಯಲ್ಲಿದ್ದ ಹಳೆಯ ಕಂಪ್ಯೂಟರಿಗೆ ‘ಆಪ್ಟ್-ಕ್ಯಾಷರ್-ಎನ್‌ಜಿ’ ಹಾಕಿ, ಅದಕ್ಕೊಂದು ಬದಲಾಗದ ಐಪಿ ವಿಳಾಸ ಕೊಟ್ಟೆ. ಉಳಿದವುಗಳಲ್ಲಿ ಆಪ್ಟ್‌ನ ಕಾನ್ಫಿಗರೇಷನ್ ಫೋಲ್ಡರಿಗೆ ಒಂದೇ ಸಾಲಿನ ಫೈಲ್ ಸೇರಿಸಿದೆ: ಪ್ರಾಕ್ಸಿಯ ವಿಳಾಸ, ಪೋರ್ಟ್ 3142. ಒಂದು ಸಂಜೆಯ ಕೆಲಸ. ಮರುದಿನ ಅದೇ ಕಂಪೈಲರನ್ನು ಎಲ್ಲರೂ ಹಾಕಿಕೊಂಡು ಪಾಠಕ್ಕೂ ಸಮಯ ಉಳಿಯಿತು.

‘ನಡುವೆ ಒಬ್ಬ ಬಂದರೆ ಸುರಕ್ಷಿತವೇ?’ ಎಂಬ ಪ್ರಶ್ನೆ ನ್ಯಾಯವಾದದ್ದೇ. ಡೆಬಿಯನ್, ಉಬುಂಟುಗಳಲ್ಲಿ ಪ್ಯಾಕೇಜ್ ಪಟ್ಟಿಗೆ ಡಿಜಿಟಲ್ ಸಹಿ ಇರುತ್ತದೆ. ಫೈಲ್ ಯಾವ ದಾರಿಯಿಂದ ಬಂದರೂ ಆಪ್ಟ್ ಆ ಪಟ್ಟಿಯೊಂದಿಗೆ ತಾಳೆ ನೋಡುತ್ತದೆ, ಹೊಂದದಿದ್ದರೆ ತಿರಸ್ಕರಿಸುತ್ತದೆ.

ನಾನು ಎಡವಿದ್ದು ಬೇರೆ ಕಡೆ. ವಾರದ ನಂತರ ಸರ್ ಫೋನ್ ಮಾಡಿದರು: ‘ಏನೂ ಇನ್‌ಸ್ಟಾಲ್ ಆಗ್ತಿಲ್ಲ ಮಾರಾಯ.’ ಯಾರೋ ಆ ಹಳೆಯ ಕಂಪ್ಯೂಟರಿನ ಸ್ವಿಚ್ ಆರಿಸಿದ್ದರು. ಅಂಗಡಿ ಮುಚ್ಚಿದ್ದರೆ ಪೇಟೆಗೆ ಹೋಗಬಹುದು ಎಂದು ನಾನು ಉಳಿದ ಕಂಪ್ಯೂಟರ್‌ಗಳಿಗೆ ಹೇಳಿಕೊಟ್ಟಿರಲಿಲ್ಲ. ಪ್ರಾಕ್ಸಿ ಇದೆಯೇ ಎಂದು ನೋಡಿ, ಇಲ್ಲದಿದ್ದರೆ ನೇರವಾಗಿ ಹೋಗುವ ‘ಆಟೋ-ಡಿಟೆಕ್ಟ್’ ಸೌಲಭ್ಯ ಆಪ್ಟ್‌ನಲ್ಲೇ ಇದೆ. ಪುಟ್ಟ ಸ್ಕ್ರಿಪ್ಟ್ ಬರೆದುಕೊಟ್ಟರೆ ಸಾಕು. ಆಫೀಸಿನ ಲ್ಯಾಪ್‌ಟಾಪನ್ನು ಮನೆಗೆ ಒಯ್ಯುವವರಿಗೂ ಇದು ಬೇಕು.

ಇದು ಬಡ ಲ್ಯಾಬ್‌ಗಳ ಉಪಾಯ ಮಾತ್ರ ಎಂದುಕೊಳ್ಳಬೇಡಿ. 2016ರ ಮಾರ್ಚ್‌ನಲ್ಲಿ ‘ಲೆಫ್ಟ್-ಪ್ಯಾಡ್’ ಎಂಬ 11 ಸಾಲಿನ ಪ್ಯಾಕೇಜನ್ನು ಅದರ ಕರ್ತೃ ಎನ್‌ಪಿಎಂನಿಂದ ತೆಗೆದುಹಾಕಿದಾಗ ಜಗತ್ತಿನಾದ್ಯಂತ ಪ್ರಾಜೆಕ್ಟ್‌ಗಳ ಬಿಲ್ಡ್ ಮುರಿದುಬಿದ್ದವು. ತಮ್ಮಲ್ಲೇ ಪ್ರತಿ ಇಟ್ಟುಕೊಂಡಿದ್ದವರಿಗೆ ಕೆಲಸ ಮುಂದುವರಿಸುವ ದಾರಿಯಿತ್ತು. 2020ರ ನವೆಂಬರ್‌ನಲ್ಲಿ ಡಾಕರ್ ಹಬ್, ಲಾಗಿನ್ ಆಗದವರಿಗೆ ಆರು ಗಂಟೆಗೆ 100 ಡೌನ್‌ಲೋಡ್ ಎಂಬ ಮಿತಿ ತಂದಿತು. ಅದೂ ಐಪಿ ವಿಳಾಸದ ಲೆಕ್ಕ. ಒಂದೇ ವಿಳಾಸದಿಂದ ಹೊರಹೋಗುವ ಇಡೀ ಆಫೀಸಿಗೆ ಒಂದೇ ಪಾಲು.

ಮುಂಬೈ, ಹೈದರಾಬಾದ್, ಚೆನ್ನೈಗಳ ಆಫೀಸುಗಳಲ್ಲಿ ಇಂಥ ವ್ಯವಸ್ಥೆ ನಮಗೆ ಕೈಗೆ ಬಂದ ವಿದ್ಯೆ. ನಾವು ಕಲಿತ ಲ್ಯಾಬ್‌ಗಳಲ್ಲಿ ಮಾತ್ರ ಮಕ್ಕಳು ಇನ್ನೂ ಪರದೆ ನೋಡುತ್ತ ಕೂತಿದ್ದಾರೆ. ಊರಿಗೆ ದೇಣಿಗೆ ಎಂದರೆ ಹೊಸ ಕಂಪ್ಯೂಟರ್ ಕೊಡಿಸುವುದು ಎಂದೇ ನಮ್ಮ ಕಲ್ಪನೆ. ಇದಕ್ಕೆ ಹಣ ಬೇಡ, ಒಂದು ಸಂಜೆ ಸಾಕು. ಮುಂದಿನ ಹಬ್ಬಕ್ಕೆ ಹೋಗುವಾಗ ಆ ಸಂಜೆಯನ್ನು ಎತ್ತಿಡಿ. ಹಾಗೇ, ಆ ಸ್ವಿಚ್ ಮೇಲೆ ‘ಆರಿಸಬೇಡಿ’ ಎಂದು ಬರೆದು ಅಂಟಿಸಲು ಮರೆಯಬೇಡಿ.