ಪದವಿ ಮಗನ ಹೆಸರಿಗೆ, ಹೊಲ ಅಜ್ಜನ ಹೆಸರಿಗೆ



ಮಕ್ಕಳು ಪದವಿ ಪಡೆದಾಗ ಸಂಘದಿಂದ ಶಾಲು ಹೊದಿಸಿ ಸನ್ಮಾನ ಮಾಡುತ್ತೇವೆ. ಆಮೇಲೆ ಅವರು ಏನು ಮಾಡುತ್ತಿದ್ದಾರೆ ಎಂದು ಕೇಳುವವರು ಕಡಿಮೆ. ಗೋನೆಗಂಡ್ಲ, ಎಮ್ಮಿಗನೂರು, ಆದೋನಿ, ಆಲೂರು ಕಡೆಯ ಓದಿದ ಹುಡುಗರು ಬೆಂಗಳೂರು, ಹೈದರಾಬಾದಿಗೆ ಹೋಗುತ್ತಾರೆ. ಓದದವರು ಹತ್ತಿ, ಮೆಣಸಿನಕಾಯಿ ಬಿಡಿಸಲು ಗುಂಟೂರು ಕಡೆಗೆ ಹೋಗುತ್ತಾರೆ. ಅದಕ್ಕೆ ನಮ್ಮಲ್ಲಿ 'ಸುಗ್ಗಿಗೆ ಹೋಗುವುದು' ಎನ್ನುತ್ತಾರೆ. ನಮ್ಮ ಹೊಲದಲ್ಲಿ ಆಗಬೇಕಾದ ಸುಗ್ಗಿ ಪರರ ಹೊಲದ ಪಾಲಾಗಿದೆ.

ನಮ್ಮ ಅಣ್ಣನ ಮಗ ಬಿ.ಕಾಂ. ಮುಗಿಸಿ ಊರಲ್ಲೇ ಉಳಿದ. "ಚಿಕ್ಕಪ್ಪ, ಉಳ್ಳಾಗಡ್ಡಿ ಹೆಚ್ಚಿ ಒಣಗಿಸಿ ಮಾರೋಣ, ಹೊಲದ ಮೂಲೆಯಲ್ಲಿ ಒಂದು ಶೆಡ್ಡು ಹಾಕೋಣ" ಎಂದ. ಅವನ ಲೆಕ್ಕ ತಪ್ಪಿರಲಿಲ್ಲ. ಮುಂಗಾರಿನ ಉಳ್ಳಾಗಡ್ಡಿಯಲ್ಲಿ ನೀರಿನಂಶ ಹೆಚ್ಚು, ಬಹಳ ದಿನ ಇಡಲು ಬರುವುದಿಲ್ಲ. ಎಲ್ಲರ ಮಾಲೂ ಒಂದೇ ಸಲ ಮಾರುಕಟ್ಟೆಗೆ ಬಂದು ಬೆಲೆ ಬೀಳುತ್ತದೆ. 2025ರ ಮುಂಗಾರಿನಲ್ಲಿ ಕರ್ನೂಲಿನಲ್ಲಿ ಸರ್ಕಾರವೇ ಕ್ವಿಂಟಾಲಿಗೆ 1,200 ರೂಪಾಯಿ ಗೊತ್ತುಮಾಡಿ ಕೊಳ್ಳಬೇಕಾಯಿತು. ಬೆಳೆಯುವುದು ನಮಗೆ ಗೊತ್ತು. ಬೆಳೆದ ಮೇಲಿನ ಕೆಲಸವೇ ಉದ್ಯಮ, ಅದು ನಮ್ಮ ಕೈಯಲ್ಲಿಲ್ಲ.

ಬ್ಯಾಂಕಿನವರು ಹೊಲದ ಕಾಗದ ಕೇಳಿದರು. ಹೊಲ ಇನ್ನೂ ತೀರಿಹೋದ ನಮ್ಮ ತಂದೆಯವರ ಹೆಸರಿನಲ್ಲೇ ಇದೆ. ಜೀವನವಿಡೀ ಬೇರೆಯವರ ಫೈಲು ತಿದ್ದಿದ ಗುಮಾಸ್ತ ನಾನು, ನಮ್ಮ ಮನೆಯ ಕಾಗದ ಸರಿಮಾಡಿಸಲಿಲ್ಲ. ಹುಡುಗ ಸಹಿ ಕೇಳಿದಾಗಲೂ "ನೋಡೋಣ" ಎಂದೆ. ಸಾಲಕ್ಕೆ ಹೊಲ ಹೋದೀತೆಂಬ ಭಯ. ಹೀಗೆ ಎರಡು ಹಂಗಾಮು ಕಳೆದವು.

ಇದು ನಮ್ಮೊಬ್ಬರ ಮನೆಯ ಮಾತಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಇತರ ಸಂಸ್ಥೆಗಳ ಜೊತೆ 2014ರಲ್ಲಿ ಹೊರತಂದ ವರದಿ, ಅಭಿವೃದ್ಧಿಶೀಲ ದೇಶಗಳ ಯುವಕರಿಗಿರುವ ಅಡ್ಡಿಗಳಲ್ಲಿ ಭೂಮಿ, ಸಾಲ, ಮಾರುಕಟ್ಟೆಗಳನ್ನು ಹೆಸರಿಸಿತು. ಮೂರರಲ್ಲಿ ಮೊದಲನೆಯದರ ಬೀಗದ ಕೈ ನಮ್ಮಂಥ ಹಿರಿಯರ ಬಳಿ ಇದೆ. ಆಂಧ್ರದಲ್ಲಿ 2019ರ ಕಾಯ್ದೆಯಂತೆ ಗುತ್ತಿಗೆ ರೈತರಿಗೆ ಕೊಡುವ ಕಾರ್ಡಿಗೂ ಹೊಲದ ಒಡೆಯನ ಸಹಿ ಬೇಕು. ಅದರ ಅವಧಿ 11 ತಿಂಗಳು. ಅಷ್ಟರಲ್ಲಿ ಒಂದು ಬೆಳೆ ತೆಗೆಯಬಹುದು, ಉದ್ಯಮ ಕಟ್ಟಲಾಗದು.

ಸರ್ಕಾರದ ಯೋಜನೆಗಳಿಲ್ಲವೆಂದಲ್ಲ. ಕೃಷಿ ಪದವೀಧರರಿಗೆ 2002ರಿಂದ ಅಗ್ರಿ ಕ್ಲಿನಿಕ್ ಯೋಜನೆ ಇದೆ. 2020ರಲ್ಲಿ ಬಂದ ಕಿರು ಆಹಾರ ಸಂಸ್ಕರಣೆ ಯೋಜನೆಗೆ ಕೃಷಿ ಪದವಿಯೇ ಬೇಕೆಂದಿಲ್ಲ. ಅದರಲ್ಲಿ ಯೋಜನಾ ವೆಚ್ಚದ ಶೇ. 35, ಗರಿಷ್ಠ 10 ಲಕ್ಷ ರೂಪಾಯಿ ಸಬ್ಸಿಡಿ. ಉಳಿದದ್ದು ಸ್ವಂತ ಹಣ ಮತ್ತು ಬ್ಯಾಂಕ್ ಸಾಲ. ಭೂಮಿಯ ಬೆಲೆ ವೆಚ್ಚದಲ್ಲಿ ಸೇರುವುದಿಲ್ಲ. ಜಾಗ ಮನೆಯವರೇ ಕೊಡಬೇಕು, ಇಲ್ಲವೇ ಬಾಡಿಗೆಗೆ ಹಿಡಿಯಬೇಕು. ಅರ್ಜಿ ಹಾಕುವ ಮೊದಲು ಈಗಿನ ನಿಯಮ ವಿಚಾರಿಸಿರಿ. ಯುವಕರಿಗೂ ಒಂದು ಮಾತು: ಸಬ್ಸಿಡಿ ಆಸೆಗೆ ಯಂತ್ರ ಕೊಳ್ಳಬೇಡಿ, ಮೊದಲು ಮಾಲು ಕೊಳ್ಳುವವರನ್ನು ಹುಡುಕಿ.

ಒಬ್ಬನಿಂದ ಆಗದಿದ್ದರೆ ಹತ್ತು ಜನ ರೈತರು ಸೇರಿ ಉತ್ಪಾದಕರ ಕಂಪನಿ ಮಾಡಿಕೊಳ್ಳಬಹುದು. ಸೇರಿ ದುಡಿಯುವುದು ನಮ್ಮ ಸೀಮೆಗೆ ಹೊಸದಲ್ಲ. ಪಕ್ಕದ ಎಮ್ಮಿಗನೂರಿನಲ್ಲಿ ಮಾಚಾನಿ ಸೋಮಪ್ಪನವರು 1938ರಲ್ಲೇ ನೇಕಾರರ ಸಹಕಾರ ಸಂಘ ಕಟ್ಟಿದರು. ಆಗ ಮಗ್ಗದವರು ಮಾಡಿದ್ದನ್ನು ಈಗ ನೇಗಿಲಿನವರು ಮಾಡಬಾರದೇ?

ಕಳೆದ ತಿಂಗಳು ನಾನು ಸಹಿ ಹಾಕಿದೆ. ಹೆಸರು ಬದಲಾವಣೆಗೆ ಅರ್ಜಿಯೂ ಹೋಗಿದೆ. ಹುಡುಗ ಗೆಲ್ಲುತ್ತಾನೋ ಸೋಲುತ್ತಾನೋ ನಾನರಿಯೆ. ಆದರೆ ಅವನು ಸೋತರೆ ಅದು ನನ್ನ ಸಹಿ ಇಲ್ಲದ ಕಾರಣಕ್ಕೆ ಆಗಬಾರದು.

ಮುಂದಿನ ಮಾಸಿಕ ಸಭೆಗೆ ಹಿರಿಯರು ತಮ್ಮ ಪಾಸ್‌ಬುಕ್, ಒನ್-ಬಿ ನಕಲು, ತೀರಿಹೋದವರ ಮರಣ ಪತ್ರ ತರಬೇಕಾಗಿ ವಿನಂತಿ. ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳಿಗೆ ತೆಲುಗು ಅರ್ಜಿಗಳನ್ನು ಓದಿ ತುಂಬಿಕೊಡುತ್ತೇವೆ. ಮಕ್ಕಳನ್ನೂ ಜೊತೆಗೆ ಕರೆತನ್ನಿ.

ಇಂತಿ ನಿಮ್ಮವ,
ಕಾರ್ಯದರ್ಶಿ, ಗೋನೆಗಂಡ್ಲ